ಗೇಟ್ ನಂಬರ್ ನಾಲ್ಕರ ಅರವತ್ತಾರು ಸೆಕೆಂಡು

2001ರಲ್ಲಿ ನಾನು ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಸೀನಿಯರ್ ಸಿಸ್ಟಮ್ಸ್ ಆಫೀಸರ್ ಆಗಿದ್ದೆ. ಕಾರ್ಖಾನೆಯ ಹೆಸರು ಬೇಡ. ತಪ್ಪು ನನ್ನದು, ಅದಕ್ಕೆ ಇನ್ನೊಬ್ಬರ ಹೆಸರು ಯಾಕೆ? ನಮ್ಮ ವಿಭಾಗಕ್ಕೆ ಆಗ ಇಡಿಪಿ ಎಂದು ಹೆಸರು, ಅಂದರೆ ಕಂಪ್ಯೂಟರ್ ವಿಭಾಗ. ಶಿವಮೊಗ್ಗದ ಹೊಸಮನೆಯಿಂದ ಬೆಳಿಗ್ಗೆ ಏಳೂವರೆಗೆ ಫ್ಯಾಕ್ಟರಿ ಬಸ್ಸು ಹತ್ತಿದರೆ ಎಂಟೂಕಾಲಿಗೆ ಆಫೀಸಿನ ಮುಂದೆ ಇಳಿಯುತ್ತಿದ್ದೆ. ಚಪ್ಪಲಿ ಹೊರಗೆ ಬಿಟ್ಟು, ಏಸಿ ರೂಮಿನೊಳಗೆ ಹೋಗಿ ಕೂತರೆ ಸಂಜೆಯವರೆಗೆ ಕಾರ್ಖಾನೆಯ ಹೊಗೆಯೂ ಇಲ್ಲ, ಧೂಳೂ ಇಲ್ಲ. ಕಂಪ್ಯೂಟರಿಗೆ ಧೂಳಾಗದು ಎಂದು ಮಾಡಿದ ವ್ಯವಸ್ಥೆ ಅದು. ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ನಾನು ಗೇಟ್ ನಂಬರ್ ನಾಲ್ಕನ್ನು ಒಮ್ಮೆಯೂ ನೋಡಿರಲಿಲ್ಲ ಎಂದರೆ ನೀವು ನಂಬಬೇಕು.

ನನಗೆ ಕೋಪ ಮೂಗಿನ ತುದಿಯಲ್ಲೇ. ಹಿಂದಿನಿಂದ ನನ್ನನ್ನು 'ಮೆಣಸಿನಕಾಯಿ ಮೇಡಂ' ಎಂದು ಕರೆಯುತ್ತಿದ್ದರು. ಗೊತ್ತಿತ್ತು. ಒಳಗೊಳಗೇ ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಹಿಂದಿನ ವರ್ಷ ಕಾರ್ಖಾನೆಯ ನಾಲ್ಕೂ ಗೇಟುಗಳಿಗೆ ಸ್ವೈಪ್ ಕಾರ್ಡು ತಂದಿದ್ದೆವು. ಅಲ್ಲಿಯವರೆಗೆ ಟೈಮ್ ಆಫೀಸಿನ ಗುಮಾಸ್ತರು ರಿಜಿಸ್ಟರಿನಲ್ಲಿ ಹಾಜರಿ ಬರೆಯುತ್ತಿದ್ದರು, ಅವರವರ ಪರಿಚಯ ಅವರವರ ದಾಕ್ಷಿಣ್ಯ. ಈಗ ಪ್ರತಿ ಗೇಟಿನಲ್ಲೂ ಒಂದು ಪಿಸಿ. ಕಾರ್ಡು ಎಳೆದ ಕೂಡಲೇ ಸೆಕೆಂಡಿನ ಲೆಕ್ಕದಲ್ಲಿ ಸಮಯ ದಾಖಲಾಗುತ್ತದೆ. ಯಾರ ದಾಕ್ಷಿಣ್ಯವೂ ಇಲ್ಲ. ಆ ಯೋಜನೆ ನನ್ನ ಕೂಸು.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ಕಂಪ್ಯೂಟರಿನೊಳಗಿನ ಗಡಿಯಾರ ನಡೆಯುವುದು ಒಂದು ಸಣ್ಣ ಕ್ವಾರ್ಟ್ಜ್ ಹರಳಿನ ಕಂಪನದಿಂದ. ಯಾವ ಹರಳೂ ಪಕ್ಕಾ ಅಲ್ಲ. ಒಂದು ದಿನಕ್ಕೆ ಒಂದು ಸೆಕೆಂಡು ಮುಂದೆ ಓಡಿದರೆ ಇನ್ನೊಂದು ಐದು ಸೆಕೆಂಡು ಹಿಂದೆ ಬೀಳುತ್ತದೆ. ಬಿಸಿ ಹೆಚ್ಚಾದರೆ ಅದರ ನಡೆಯೇ ಬದಲಾಗುತ್ತದೆ. ಇದಕ್ಕೆ ಡ್ರಿಫ್ಟ್ ಎನ್ನುತ್ತೇವೆ. ಆದ್ದರಿಂದ ಪ್ರತಿ ಪಿಸಿಯೂ ಆಗಾಗ ನಮ್ಮ ಸರ್ವರನ್ನು 'ಈಗ ಗಂಟೆ ಎಷ್ಟು?' ಎಂದು ಕೇಳಿ ತನ್ನನ್ನು ಸರಿಪಡಿಸಿಕೊಳ್ಳಬೇಕು. ಹಾಗೆ ಕೇಳುವುದಕ್ಕೆ ಪೋಲಿಂಗ್ ಎಂದು ಹೆಸರು, ಚುನಾವಣೆಗೂ ಇದಕ್ಕೂ ಸಂಬಂಧವಿಲ್ಲ. ಕೇಬಲ್ ಇರುವ ಕಡೆ ಸಾಮಾನ್ಯವಾಗಿ 64 ಸೆಕೆಂಡಿನಿಂದ 1024 ಸೆಕೆಂಡಿನೊಳಗೆ ಒಮ್ಮೆ ಕೇಳಿಸುತ್ತೇವೆ. ತೀರಾ ಪದೇಪದೇ ಕೇಳಿದರೆ ಲೈನಿನಲ್ಲಿ ಉತ್ತರ ತಡವಾಗಿ ಬರುವ ಏರುಪೇರನ್ನೇ ಗಡಿಯಾರ ನಿಜವೆಂದು ನಂಬಿ ಹಿಂದೆ ಮುಂದೆ ಜಗ್ಗಾಡುತ್ತದೆ. ತೀರಾ ಅಪರೂಪಕ್ಕೆ ಕೇಳಿದರೆ ಎರಡು ಪ್ರಶ್ನೆಗಳ ನಡುವೆ ಡ್ರಿಫ್ಟ್ ಬೆಳೆದುಕೊಂಡು ಹೋಗುತ್ತದೆ. ಎಷ್ಟು ಹೊತ್ತಿಗೊಮ್ಮೆ ಕೇಳಬೇಕು ಎಂದು ತೀರ್ಮಾನಿಸುವುದೇ ಎಂಜಿನಿಯರ್ ಕೆಲಸ.

ಮೂರು ಗೇಟುಗಳಿಗೆ ಕೇಬಲ್ ಇತ್ತು. ನಾಲ್ಕನೆಯದು ಮಾತ್ರ ದೂರ, ಬದಲಿ ಕಾರ್ಮಿಕರು ಬರುವ ಹಿಂದಿನ ಗೇಟು. ಅಲ್ಲಿನ ಪಿಸಿ ಸೆಕ್ಯುರಿಟಿಯವರ ಫೋನ್ ಲೈನಿನಲ್ಲೇ ಮೋಡೆಮ್ ಮೂಲಕ ಡಯಲ್ ಮಾಡಿ ಸರ್ವರಿಗೆ ಸೇರಬೇಕಿತ್ತು. ಗಂಟೆಗೊಮ್ಮೆ ಡಯಲ್ ಮಾಡುವಂತೆ ಇಟ್ಟಿದ್ದೆ. 2001ರ ಜನವರಿಯಲ್ಲಿ ಒಬ್ಬ ಕಾರ್ಮಿಕ ಗೇಟಿನ ಬಳಿ ಬಿದ್ದು ಕಾಲು ಮುರಿದುಕೊಂಡ. ಆಂಬ್ಯುಲೆನ್ಸಿಗೆ ಫೋನ್ ಮಾಡಲು ಹೋದರೆ ಲೈನ್ ಎಂಗೇಜು, ಮೋಡೆಮ್ ಕಿರುಚುತ್ತಿತ್ತು. ಗೇಟಿನ ಹವಾಲ್ದಾರ್ ಸಿದ್ದಪ್ಪನವರು ನನಗೇ ಫೋನ್ ಮಾಡಿ ತರಾಟೆಗೆ ತೆಗೆದುಕೊಂಡರು.

"ಏನ್ ಮೇಡಂ, ನಿಮ್ಮ ಕಂಪ್ಯೂಟ್ರು ಗಂಟೆ ಗಂಟೆಗೂ ಫೋನ್ ಹಿಡ್ಕಂಡು ಹರಟೆ ಹೊಡೀತದಲ್ಲ! ಮನುಷ್ಯರು ಮಾತಾಡೋದು ಬ್ಯಾಡ್ವಾ?"

ಅವರು ಹೇಳಿದ್ದು ನ್ಯಾಯವೇ. ಫೆಬ್ರವರಿಯಿಂದ ಪೋಲಿಂಗನ್ನು ಗಂಟೆಗೊಮ್ಮೆಯಿಂದ ವಾರಕ್ಕೊಮ್ಮೆಗೆ ಇಳಿಸಿದೆ. ಭಾನುವಾರ ಬೆಳಿಗ್ಗೆ ಆರೂವರೆಗೆ, ಗೇಟಿನಲ್ಲಿ ಗದ್ದಲವಿಲ್ಲದ ಹೊತ್ತು. ದಿನಕ್ಕೊಮ್ಮೆ ಎಂದಾದರೂ ಇಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇಡಬಹುದಿತ್ತು. ಆದರೆ ನಾನು ಪರೀಕ್ಷೆ ಮಾಡಿದ್ದೆ! ಅದೇ ಮಾಡೆಲಿನ ಪಿಸಿಯನ್ನು ನನ್ನ ಮೇಜಿನ ಮೇಲಿಟ್ಟು ಒಂದು ವಾರ ನೋಡಿದ್ದೆ. ದಿನಕ್ಕೆ ಒಂದು ಸೆಕೆಂಡು, ವಾರಕ್ಕೆ ಏಳು. ಏಳು ಸೆಕೆಂಡಿನಿಂದ ಯಾರ ಗಂಟು ಹೋಗುತ್ತದೆ ಎಂದುಕೊಂಡೆ. ಏಸಿ ರೂಮಿನಲ್ಲಿ ಮಾಡಿದ ಪರೀಕ್ಷೆ ಅದು. ಗೇಟಿನ ಪಿಸಿ ಇದ್ದದ್ದು ತಗಡಿನ ಸೂರಿನ ಗೂಡಿನಲ್ಲಿ. ಆ ಎರಡರ ವ್ಯತ್ಯಾಸ ನನ್ನ ತಲೆಗೆ ಹೊಳೆಯಲೇ ಇಲ್ಲ.

ಏಪ್ರಿಲ್‌ನಲ್ಲಿ ನೌಕರರ ನೇಮಕಾತಿ ನೋಡಿಕೊಳ್ಳುವ ಪರ್ಸನಲ್ ಆಫೀಸರ್ ಒಂದು ವರದಿ ಕೇಳಿದರು. ಬದಲಿ ಕಾರ್ಮಿಕರೆಂದರೆ ಕಾಯಂ ನೌಕರರು ರಜೆ ಹಾಕಿದಾಗ ಅವರ ಜಾಗದಲ್ಲಿ ದುಡಿಯುವವರು. ವರ್ಷಗಟ್ಟಲೆ ಹಾಗೆ ದುಡಿದವರಲ್ಲಿ ಕೆಲವರನ್ನು ಆ ವರ್ಷ ಕಾಯಂ ಮಾಡುವುದಿತ್ತು. ಯಾರು ಶಿಸ್ತಿನವರು, ಯಾರು ಅಲ್ಲ ಎಂದು ಹಾಜರಿಯಿಂದ ತೆಗೆದುಕೊಡಿ ಎಂದರು. ಕಾಯಂ ನೌಕರರಿಗೆ ಐದು ನಿಮಿಷ ವಿನಾಯಿತಿ ಇತ್ತು. ಬದಲಿಯವರಿಗೆ ಒಂದು ಸೆಕೆಂಡೂ ಇಲ್ಲ. ಆರು ಗಂಟೆಯ ಪಾಳಿಗೆ ಆರು ದಾಟಿ ಒಂದು ಸೆಕೆಂಡಾದರೂ ಲೇಟ್ ಮಾರ್ಕು.

ಪಟ್ಟಿಯಲ್ಲಿ ಒಂದು ಹೆಸರು ಎದ್ದು ಕಂಡಿತು. ಪಳನಿ, ಒಂಬತ್ತು ವರ್ಷದಿಂದ ಬದಲಿ. ಉಳಿದವರಿಗೆ ಒಂದೋ ಎರಡೋ ಲೇಟ್ ಮಾರ್ಕು, ಇವನಿಗೆ ಹನ್ನೊಂದು. ಎಲ್ಲವೂ ಕೆಲವೇ ಸೆಕೆಂಡುಗಳದ್ದು. ನಾನು ದಿನಗಳನ್ನು ನೋಡಿದೆ. ಹನ್ನೊಂದೂ ಶುಕ್ರವಾರ, ಶನಿವಾರ. ಸೋಮವಾರದಿಂದ ಗುರುವಾರದವರೆಗೆ ಒಂದೂ ಇಲ್ಲ, ಭಾನುವಾರ ಅವನಿಗೆ ವಾರದ ರಜೆ.

ನನಗೆ ಸಿಕ್ಕಿಬಿಟ್ಟ ಕಳ್ಳನನ್ನು ಕಂಡಷ್ಟು ಸಂತೋಷವಾಯಿತು. ಕೆಂಪು ಪೆನ್ನು ತೆಗೆದುಕೊಂಡು ಆ ದಿನಗಳ ಕೆಳಗೆಲ್ಲ ಗೆರೆ ಎಳೆದೆ. ಪಕ್ಕದಲ್ಲಿ ನನ್ನ ಕೈಯಾರೆ ಬರೆದೆ: 'ವಾರದ ಕೊನೆಯಲ್ಲಿ ಮಾತ್ರ ತಡ. ಗಮನಿಸಿ.' ಯಾರೂ ನನ್ನನ್ನು ಹಾಗೆ ಬರೆಯಿರಿ ಎಂದು ಕೇಳಿರಲಿಲ್ಲ. ವಾರದ ಕೊನೆಗೆ ಕುಡಿತವೋ, ಬೇರೆಲ್ಲೋ ಕೂಲಿಯೋ ಎಂದು ಪರ್ಸನಲ್ ಆಫೀಸರ್ ಊಹಿಸಿಕೊಂಡರು. ಪಳನಿಗೆ ಮೆಮೋ ಹೋಯಿತು. ಇನ್ನೊಂದು ಲೇಟ್ ಮಾರ್ಕು ಬಿದ್ದರೆ ಕಾಯಂ ಪಟ್ಟಿಯಿಂದ ಹೆಸರು ತೆಗೆಯಲಾಗುವುದು ಎಂದು.

ಮಾರನೆಯ ದಿನ ಅವನು ಇಡಿಪಿ ಬಾಗಿಲಿಗೆ ಬಂದ. ಮೂವತ್ತೈದರ ಆಸುಪಾಸಿನ, ಸಣಕಲು ಮೈಯ ಮನುಷ್ಯ. ಒಳಗೆ ಬಾ ಎಂದು ನಾನು ಹೇಳಲಿಲ್ಲ, ಆದರೂ ಅವನು ಚಪ್ಪಲಿ ಬಿಟ್ಟು ನಿಂತಿದ್ದ.

"ಮೇಡಂ, ಸತ್ಯವಾಗ್ಲೂ ನಾನು ಲೇಟಾಗಿ ಬಂದಿಲ್ಲ. ಕಾರ್ಡ್ ಎಳೆದು ಒಳಗೆ ಹೋದ್ಮೇಲೆ ಸೈರನ್ ಆಗ್ತದೆ. ಬೇಕಾದ್ರೆ ಹವಾಲ್ದಾರ್ರನ್ನ ಕೇಳಿ."

"ಸೈರನ್ ಮನುಷ್ಯ ಹೊಡೆಯೋದಪ್ಪಾ. ಇದು ಕಂಪ್ಯೂಟರ್. ಇದಕ್ಕೆ ನಿನ್ನ ಮೇಲೆ ಏನಾದ್ರೂ ದ್ವೇಷ ಇದೆಯಾ?"

"ಅಯ್ಯೋ, ಹಂಗಲ್ಲ ಮೇಡಂ..."

"ಸೋಮವಾರ ಸರಿಯಾಗಿ ಬರೋನಿಗೆ ಶನಿವಾರ ಏನು ರೋಗ? ಹತ್ತು ನಿಮಿಷ ಮೊದಲು ಮನೆ ಬಿಡು. ಎಲ್ಲಾ ಸರಿ ಹೋಗುತ್ತೆ."

ಅವನು ಏನೋ ಹೇಳಲು ಬಾಯಿ ತೆರೆದ. ನಾನು ಆಗಲೇ ಸ್ಕ್ರೀನ್ ಕಡೆ ತಿರುಗಿದ್ದೆ. "ಕಂಪ್ಯೂಟರ್ ಹೇಳಿದ್ಮೇಲೆ ನನ್ನ ವಾಚೇ ತಪ್ಪಿರ್ಬೇಕು ಮೇಡಂ" ಎಂದು ಹೇಳಿ ಹೋದ. ಒಬ್ಬನಿಗೆ ಬುದ್ಧಿ ಬಂತು ಎಂದು ನಾನು ಅಂದುಕೊಂಡೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆಮೇಲೆ ಪಳನಿ ದಿನಾ ಐದೂ ನಲವತ್ತೈದರ ಸುಮಾರಿಗೇ ಕಾರ್ಡು ಎಳೆಯತೊಡಗಿದ. ಲೇಟ್ ಮಾರ್ಕು ನಿಂತಿತು. ನಾನು ಪರ್ಸನಲ್ ಆಫೀಸರಿಗೆ ಫೋನ್ ಮಾಡಿ 'ನೋಡಿ ಸಾರ್, ಸಿಸ್ಟಮ್ ಹೇಗೆ ಕೆಲಸ ಮಾಡುತ್ತೆ' ಎಂದು ಹೆಮ್ಮೆ ಕೊಚ್ಚಿಕೊಂಡೆ.

ಮೇ ತಿಂಗಳ ಒಂದು ಮಂಗಳವಾರ ಹತ್ತು ಗಂಟೆಗೆ ಸಿದ್ದಪ್ಪನವರ ಫೋನ್ ಬಂತು.

"ಮೇಡಂ, ನಮ್ಮ ಪಳನಿ ಹೆಂಡ್ತಿ ತೀರ್ಕಂಡ್ಲು. ಡ್ಯೂಟಿಲಿದ್ದ, ಮನೆಯಿಂದ ಬಂದು ಕರ್ಕಂಡ್ ಹೋದ್ರು. ಇವತ್ತಿನ ಹಾಜರಿ ಏನ್ ಮಾಡ್ತೀರಿ ನೋಡಿ, ಆ ಪಾಪದವನಿಗೆ ಅದೂ ಹೋಗೋದು ಬ್ಯಾಡ."

ಐದು ದಿನ ಕಳೆದು ಭಾನುವಾರ ಸಿದ್ದಪ್ಪನವರ ಜೊತೆ ಅವನ ಮನೆಗೆ ಹೋದೆ. ನನಗೆ ಹೋಗುವ ಮನಸ್ಸಿರಲಿಲ್ಲ. 'ನಿಮ್ಮ ಹತ್ರ ಬಂದು ನಿಂತಿದ್ದ ಹುಡುಗ ಮೇಡಂ, ಒಂದ್ ಸಲ ಬನ್ನಿ' ಎಂದು ಅವರೇ ಬಲವಂತ ಮಾಡಿದರು. ಒಂದೇ ಕೋಣೆಯ ಮನೆ, ಹಿಂದೆ ಬಚ್ಚಲು. ಪಳನಿ ಗೋಡೆಗೆ ಒರಗಿ ಕೂತಿದ್ದವನು ನನ್ನನ್ನು ಕಂಡು ಎದ್ದು ನಿಂತ. ಸಮಾಚಾರ ಹೇಳಿದ್ದು ಅವನ ಹೆಂಡತಿಯ ಅಕ್ಕ ರಾಣಿ.

ಪಳನಿಯ ಹೆಂಡತಿ ಕಸ್ತೂರಿಗೆ ಫಿಟ್ಸ್ ಇತ್ತು. ಬೆಳಿಗ್ಗೆ ಏಳುವ ಹೊತ್ತಿನಲ್ಲೇ ಹೆಚ್ಚು ಬರುತ್ತಿತ್ತು. ಒಬ್ಬಳನ್ನೇ ಬಿಡಬಾರದು ಎಂದು ಡಾಕ್ಟರು ಹೇಳಿದ್ದರು. ರಾಣಿ ಹೂವಿನ ವ್ಯಾಪಾರದವಳು. ನಸುಕಿನಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ ಹೂವು ಕೊಂಡು ಐದೂ ನಲವತ್ತಕ್ಕೆ ಈ ಮನೆಗೆ ಬಂದು, ತಂಗಿಯ ಪಕ್ಕ ಕೂತು ಮಾಲೆ ಕಟ್ಟುತ್ತಿದ್ದಳು. ಅವಳು ಹೊಸಿಲು ದಾಟಿದ ಮೇಲೆ ಪಳನಿ ಸೈಕಲ್ ಹತ್ತುತ್ತಿದ್ದ. ಗೇಟಿಗೆ ಹದಿನೆಂಟು ನಿಮಿಷದ ದಾರಿ, ಮಣ್ಣು ರಸ್ತೆಯಲ್ಲಿ ಹೋದರೆ ಹತ್ತೊಂಬತ್ತು. ಒಂಬತ್ತು ವರ್ಷ ಅವನು ಐದೂ ಐವತ್ತೆಂಟು, ಐದೂ ಐವತ್ತೊಂಬತ್ತಕ್ಕೆ ಗೇಟು ದಾಟಿದ್ದ. ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಸಿ ಅವನು ಬಂದರೆ ರಾಣಿ ಹೂವು ಮಾರಲು ಹೋಗುತ್ತಿದ್ದಳು. ಆ ಮನೆ ನಡೆಯುತ್ತಿದ್ದದ್ದೇ ಹಾಗೆ.

"ಮೆಮೋ ಬಂದ್ಮೇಲೆ ಐದೂ ಇಪ್ಪತ್ತೈದಕ್ಕೇ ಹೊರಡಕ್ಕೆ ಶುರು ಮಾಡಿದ್ರು" ಎಂದಳು ರಾಣಿ. "ಹದಿನೈದು ನಿಮಿಷ ತಾನೇ ಅಕ್ಕಾ, ಮಲಗಿರ್ತಾಳೆ, ನೀವು ಬಂದ್ಬಿಡ್ತೀರಲ್ಲ ಅಂದ್ರು. ನಾನೂ ಸರಿ ಅಂದೆ. ಅವತ್ತು ಅವಳು ಎದ್ದು ಬಚ್ಚಲಿಗೆ ಹೋಗವಳೆ. ನಾನು ಬಂದಾಗ ತೊಟ್ಟಿ ಪಕ್ಕ ಬಿದ್ದಿದ್ಲು."

ತೊಟ್ಟಿಯ ಕಲ್ಲಿಗೆ ತಲೆ ಬಡಿದಿತ್ತು. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಜೀವ ಇರಲಿಲ್ಲ.

ಆಗ ಪಳನಿ ಮೊದಲ ಸಲ ಬಾಯಿ ಬಿಟ್ಟ. ನಾನು ಹಾಜರಿಯ ವಿಷಯ ವಿಚಾರಿಸಲು ಬಂದಿದ್ದೇನೆ ಎಂದುಕೊಂಡನೋ ಏನೋ.

"ನೀವು ಹೇಳಿದ್ಮೇಲೆ ಒಂದು ದಿನಾನೂ ಲೇಟಾಗಿಲ್ಲ ಮೇಡಂ."

ಒಂಬತ್ತು ವರ್ಷ ಒಂದೇ ಹೊತ್ತಿಗೆ ಮನೆ ಬಿಟ್ಟು ಒಂದೇ ಹೊತ್ತಿಗೆ ಗೇಟು ದಾಟಿದವನು, ಫೆಬ್ರವರಿಯ ಮೇಲೆ ಶುಕ್ರವಾರ, ಶನಿವಾರ ಮಾತ್ರ ಯಾಕೆ ತಡವಾಗಬೇಕು? ಮನೆಗೆ ವಾಪಸು ಬರುವ ಬಸ್ಸಿನಲ್ಲಿ ಉತ್ತರ ಹೊಳೆಯಿತು. ಆದರೂ ಸುಳ್ಳಾಗಲಿ, ಸುಳ್ಳಾಗಲಿ ಎಂದು ಇಡೀ ವಾರ ಹರಕೆ ಹೊತ್ತವಳಂತೆ ಕಾದೆ.

ಮುಂದಿನ ಶನಿವಾರ ಬೆಳಿಗ್ಗೆ ಐದೂವರೆಗೆ, ರೇಡಿಯೋದ ಬೀಪ್‌ಗೆ ಹಿಂದಿನ ಸಂಜೆ ಸರಿಮಾಡಿಕೊಂಡ ವಾಚು ಕಟ್ಟಿಕೊಂಡು, ಮೊದಲ ಬಾರಿಗೆ ಗೇಟ್ ನಂಬರ್ ನಾಲ್ಕಕ್ಕೆ ಹೋದೆ. ಅಷ್ಟು ಹೊತ್ತಿಗೇ ಆ ತಗಡಿನ ಗೂಡು ಕಾವು ಬಿಡುತ್ತಿತ್ತು. ಪಿಸಿಯ ಪಕ್ಕದಲ್ಲೇ ಸಿಬ್ಬಂದಿಯ ಚಹಾದ ಸ್ಟವ್ ಉರಿಯುತ್ತಿತ್ತು. ನನ್ನ ವಾಚಿನಲ್ಲಿ ಐದೂ ಐವತ್ತೆಂಟು, ಐವತ್ನಾಲ್ಕು ಸೆಕೆಂಡು ಆದಾಗ ಗೇಟಿನ ಸ್ಕ್ರೀನಿನಲ್ಲಿ ಆರು ಗಂಟೆ ಆಯಿತು. ಅರವತ್ತಾರು ಸೆಕೆಂಡು ಮುಂದೆ. ನನ್ನ ವಾಚಿನಲ್ಲಿ ಆರು ಆಗುವುದಕ್ಕೂ ಸೈರನ್ ಕೂಗುವುದಕ್ಕೂ ಒಂದು ಸೆಕೆಂಡಿನ ವ್ಯತ್ಯಾಸವೂ ಇರಲಿಲ್ಲ. ಆಮೇಲೆ ಪವರ್ ಹೌಸಿಗೆ ಹೋಗಿ ಕೇಳಿದೆ. ಸೈರನ್ ಹೊಡೆಯುವ ಮುದುಕಪ್ಪ ಪ್ರತಿ ಪಾಳಿಗೂ ಮೊದಲು ಗಡಿಯಾರವನ್ನು ರೇಡಿಯೋಗೆ ಹೊಂದಿಸಿಕೊಳ್ಳುತ್ತಿದ್ದನಂತೆ. ದಿನಕ್ಕೆ ಮೂರು ಸಲ. ನಾನು ವಾರಕ್ಕೊಂದು ಸಲ.

ಲೆಕ್ಕ ತೀರಾ ಸುಲಭ. ದಿನಕ್ಕೆ ಹನ್ನೊಂದು ಸೆಕೆಂಡಿನ ಡ್ರಿಫ್ಟ್. ಗಂಟೆಗೊಮ್ಮೆ ಕೇಳುತ್ತಿದ್ದಾಗ ತಪ್ಪು ಅರ್ಧ ಸೆಕೆಂಡು ದಾಟುತ್ತಿರಲಿಲ್ಲ. ಭಾನುವಾರಕ್ಕೊಮ್ಮೆ ಮಾಡಿದ ಮೇಲೆ ಸೋಮವಾರ ಹನ್ನೊಂದು, ಮಂಗಳವಾರ ಇಪ್ಪತ್ತೆರಡು, ಹೀಗೆ ಬೆಳೆದು ಶುಕ್ರವಾರ ಐವತ್ತೈದು, ಶನಿವಾರ ಅರವತ್ತಾರು. ಹತ್ತು ನಿಮಿಷ ಮೊದಲು ಬರುವವರಿಗೆ ಇದರಿಂದ ಏನೂ ಆಗುವುದಿಲ್ಲ. ಕೊನೆಯ ನಿಮಿಷಕ್ಕೆ ಬರುವ ಒಬ್ಬನಿಗೆ ಆಗುತ್ತದೆ. ನಾನು ಕೆಂಪು ಗೆರೆ ಎಳೆದು ತೋರಿಸಿದ್ದು ಅವನ ಸೋಮಾರಿತನವನ್ನಲ್ಲ, ನನ್ನ ಗಡಿಯಾರದ ಡ್ರಿಫ್ಟನ್ನು. ವಾರದ ಕೊನೆಗೆ ಬೆಳೆಯುವ ತಪ್ಪು, ಭಾನುವಾರ ಸರಿಹೋಗುವ ತಪ್ಪು, ಯಾವ ಡಿಪ್ಲೊಮಾ ಹುಡುಗನಾದರೂ ಗುರುತಿಸುವಂಥದ್ದು. ಕಣ್ಣೆದುರಿಗೆ ಇತ್ತು. ನಾನು ಅದರಲ್ಲಿ ಒಬ್ಬ ಕುಡುಕನನ್ನು ಕಂಡೆ.

ಇನ್ನೊಂದು ಲೆಕ್ಕವನ್ನೂ ಮಾಡಿದೆ, ಮಾಡಬಾರದಿತ್ತು. ಕಸ್ತೂರಿ ತೀರಿಕೊಂಡದ್ದು ಮಂಗಳವಾರ. ಅವತ್ತು ಗಡಿಯಾರ ಮುಂದಿದ್ದದ್ದು ಬರೀ ಇಪ್ಪತ್ತೆರಡು ಸೆಕೆಂಡು. ಪಳನಿ ಎಂದಿನಂತೆ ಐದೂ ನಲವತ್ತಕ್ಕೇ ಹೊರಟಿದ್ದರೂ ನನ್ನ ಆ ಹಾಳು ಕಂಪ್ಯೂಟರಿನ ಪ್ರಕಾರವೂ ಅವನು ಲೇಟಾಗುತ್ತಿರಲಿಲ್ಲ.

ಸೋಮವಾರ ಎರಡು ಪುಟದ ನೋಟ್ ಬರೆದು ಪರ್ಸನಲ್ ಆಫೀಸರ್ ಮುಂದಿಟ್ಟೆ. ತಪ್ಪು ನನ್ನದು, ಹನ್ನೊಂದು ಲೇಟ್ ಮಾರ್ಕುಗಳನ್ನು ರದ್ದು ಮಾಡಬೇಕು ಎಂದು. ಅವರು ಓದಿ ಪೆನ್ನು ತೆಗೆದರು. ಒಳ್ಳೆಯ ಮನುಷ್ಯರೇ.

"ಸಹಿ ಹಾಕ್ತೀನಿ ಮೇಡಂ. ಅವನ ಹೆಸರು ಪಟ್ಟಿಯಲ್ಲಿರುತ್ತೆ. ಆದರೆ ಇದನ್ನ ಅವನಿಗೆ ಹೇಳೋದು ಬೇಡ."

"ಅವನ ಮೇಲೆ ಬಂದ ಅಪವಾದ ಸಾರ್. ಹೇಳದೇ ಇದ್ರೆ ಹೇಗೆ?"

"ಯೋಚನೆ ಮಾಡಿ" ಎಂದರು ಅಷ್ಟೆ.

ಯೋಚನೆ ಮಾಡುವ ತಾಳ್ಮೆ ನನಗೆ ಯಾವಾಗ ಇತ್ತು? ಜುಲೈಯಲ್ಲಿ ಕಾಯಂ ಆದೇಶ ಬಂದ ದಿನ ಅವನನ್ನು ಇಡಿಪಿಗೆ ಕರೆಸಿದೆ. ಅವನು ಚಪ್ಪಲಿ ಬಿಡಲು ಬಗ್ಗಿದ. ಬೇಡ, ಹಾಗೇ ಬಾ ಎಂದು ಕೂರಿಸಿದೆ. ಪೋಲಿಂಗು, ಡ್ರಿಫ್ಟು, ಎಲ್ಲವನ್ನೂ ಕಾಗದದ ಮೇಲೆ ಬರೆದು ವಿವರಿಸಿದೆ. ಅವನು ಕಾಗದ ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದ.

"ಅಂದ್ರೆ ನಾನು ಲೇಟೇ ಆಗಿರ್ಲಿಲ್ವಾ ಮೇಡಂ?"

"ಇಲ್ಲಪ್ಪಾ."

"ಒಂದ್ ದಿನಾನೂ?"

"ಒಂದು ದಿನಾನೂ ಇಲ್ಲ. ತಪ್ಪು ನನ್ನದು ಪಳನಿ. ನನ್ನನ್ನ ಕ್ಷಮಿಸಿಬಿಡು."

ಅವನು ಮೇಜಿನ ಮೇಲಿದ್ದ ಆದೇಶದ ಪ್ರತಿಯನ್ನು ಕೈಗೆ ತೆಗೆದುಕೊಂಡ. ಬೈದಿದ್ದರೆ, ಮೇಜು ಗುದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಕೆಲಸಕ್ಕೋಸ್ಕರ ಹೋಗ್ಲೇಬೇಕಿತ್ತು, ಬೇರೆ ದಾರಿ ಇರ್ಲಿಲ್ಲ, ಅಂತ ದಿನಾ ನನಗೆ ನಾನೇ ಹೇಳ್ಕೊಂಡು ಮಲಗ್ತಿದ್ದೆ ಮೇಡಂ" ಎಂದ. "ಇನ್ಮೇಲೆ ಏನಂತ ಹೇಳ್ಕೊಳ್ಳಿ?"

ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಕೈ ಮುಗಿದು ಹೋದ. ನಾನು ಬಾಗಿಲು ಹಾಕಿಕೊಂಡು ಅತ್ತೆ. ಸತ್ಯ ಹೇಳಿದ್ದು ಅವನಿಗಾಗಿಯೋ, ನನ್ನ ಎದೆಯ ಭಾರ ಇಳಿಸಿಕೊಳ್ಳಲೋ ಎಂದು ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಪರ್ಸನಲ್ ಆಫೀಸರ್ ಹೇಳಿದ್ದೇ ಸರಿಯಿತ್ತೇನೋ.

ಆ ತಿಂಗಳೇ ನಾಲ್ಕನೇ ಗೇಟಿಗೆ ಪ್ರತ್ಯೇಕ ಕೇಬಲ್ ಎಳೆಸಿದೆ. 64 ಸೆಕೆಂಡು, 256, 1024 ಎಂದು ಬೇರೆ ಬೇರೆ ಅಂತರದಲ್ಲಿ ಕೇಳಿಸಿ, ಪ್ರತಿ ವಾರ ನಾನೇ ಆ ಗೂಡಿನಲ್ಲಿ ನಿಂತು ಅಳೆದೆ. ಆ ಉದ್ದನೆಯ ಲೈನಿಗೆ 64 ತೀರಾ ಪದೇಪದೇ ಆಯಿತು, 256 ಸರಿಹೋಯಿತು. ತಪ್ಪು ಸೆಕೆಂಡಿನ ಸಣ್ಣ ಭಾಗಕ್ಕೆ ಇಳಿಯಿತು. ಬದಲಿಯವರಿಗೂ ಐದು ನಿಮಿಷದ ವಿನಾಯಿತಿ ಕೊಡಿಸಲು ಒಂದು ವರ್ಷ ಜಗಳವಾಡಿದೆ, ಕೊಡಿಸಿದೆ. ಮೆಣಸಿನಕಾಯಿ ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು. ಪಳನಿ ಮಾತ್ರ ಕಾಯಂ ಆದ ಮೇಲೂ ಐದೂವರೆಗೇ ಗೇಟಿಗೆ ಬರುತ್ತಿದ್ದ. ಯಾಕಪ್ಪಾ ಇಷ್ಟು ಬೇಗ ಎಂದು ಸಿದ್ದಪ್ಪನವರು ಒಮ್ಮೆ ಕೇಳಿದ್ದಕ್ಕೆ, "ಈಗ ಯಾರನ್ನ ಕಾಯ್ಬೇಕು ಹವಾಲ್ದಾರ್ರೇ?" ಎಂದನಂತೆ.

ನಿವೃತ್ತಿಯಾಗುವ ಮೊದಲು ಶಂಕರಘಟ್ಟದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ಗಡಿಯಾರ ಹೊಂದಿಸುವ ಈ ವಿಷಯವಾಗಿ ಪಾಠ ಹೇಳಲು ಕರೆದಿದ್ದರು. ಒಬ್ಬ ಹುಡುಗಿ ಎದ್ದು, ಸರಿಯಾದ ಪೋಲಿಂಗ್ ಅಂತರ ಎಷ್ಟು ಮೇಡಂ ಎಂದು ಕೇಳಿದಳು. ಡ್ರಿಫ್ಟ್ ಎಷ್ಟಿದೆ, ಲೈನಿನ ಏರುಪೇರು ಎಷ್ಟಿದೆ ನೋಡಿ ನಿರ್ಧರಿಸಬೇಕು, ಯಂತ್ರ ಇರುವ ಜಾಗಕ್ಕೇ ಹೋಗಿ ಅಳೆಯಬೇಕು, ಏಸಿ ರೂಮಿನ ಲೆಕ್ಕವನ್ನು ನಂಬಬೇಡಿ ಎಂದು ಉತ್ತರ ಕೊಟ್ಟೆ. ಅವಳು ಬರೆದುಕೊಂಡಳು. ಉಳಿದದ್ದನ್ನು ಅವತ್ತು ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ನೀನು ದಿನಾ ಕೊನೆಯ ನಿಮಿಷಕ್ಕೇ ಯಾಕೆ ಬರುತ್ತೀಯ ಎಂದು ಪಳನಿಯನ್ನು ಕೇಳಿದ್ದರೆ ಅವನು ಎರಡು ಮಾತಿನಲ್ಲಿ ಹೇಳುತ್ತಿದ್ದ. ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದ. ಗೇಟಿನ ಆ ಪಿಸಿ ವಾರಕ್ಕೊಮ್ಮೆಯಾದರೂ ಕೇಳುತ್ತಿತ್ತು. ನಾನು ಒಂದು ಸಲವೂ ಕೇಳಲಿಲ್ಲ.